ಪರದೆಯ ಹಿಂದಿನ ಮಾತು

ಸಂಜೆ ಕಳೆದು ರಾತ್ರಿಯ ಊಟ ಮುಗಿದಿದೆ. ಊರ ಗುಡಿಯ ಮುಂದಿನ ಬಯಲಿನಲ್ಲಿ ಕಂಬಗಳನ್ನು ನೆಟ್ಟು, ಮೂರು ಕಡೆ ಕಂಬಳಿಗಳನ್ನು ಮರೆಕಟ್ಟಿ, ಮುಂಭಾಗಕ್ಕೆ ಬಿಳಿಯ ಪರದೆಯೊಂದನ್ನು ಬಿಗಿಯಲಾಗಿದೆ. ಪರದೆಯ ಹಿಂದೆ ದೀಪ ಉರಿಯುತ್ತಿದೆ. ತಾಳ ಮದ್ದಳೆಗಳ ನಾದ ಕಿವಿಗೆ ಬಿದ್ದೊಡನೆ ಮಕ್ಕಳು ಓಡಿಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಾರೆ. ಗಣಪತಿಯ ಸ್ತುತಿ ಮುಗಿಯುತ್ತಲೇ ದಪ್ಪ ಹೊಟ್ಟೆಯ, ಕೆದರಿದ ಕೂದಲಿನ, ವಿಚಿತ್ರಾಕಾರದ ಗೊಂಬೆಯೊಂದು ಕುಣಿಯುತ್ತ ಪರದೆಯ ಮೇಲೆ ಬರುತ್ತದೆ. ಅವನೇ ಕಿಳ್ಳೇಕ್ಯಾತ. ಅವನ ಬೆನ್ನಹಿಂದೆಯೇ ಬಂಗಾರಕ್ಕ ಬರುತ್ತಾಳೆ. ಇಬ್ಬರಿಗೂ ಮಾತಿಗೆ ಮಾತು ಬೆಳೆಯುತ್ತದೆ. ಸಭೆ ನಗೆಗಡಲಿನಲ್ಲಿ ಮುಳುಗುತ್ತದೆ.

ಈ ಗೊಂಬೆಗಳನ್ನು ಹದಮಾಡಿದ ತೊಗಲಿನಿಂದ ಮಾಡಿರುತ್ತಾರೆ. ತೊಗಲಿಗೆ ನಾಲಗೆಯಿಲ್ಲ, ಉಸಿರಿಲ್ಲ. ಆದರೂ ರಾವಣ ಗರ್ಜಿಸಿದಾಗ ಮಕ್ಕಳು ಬೆಚ್ಚುತ್ತಾರೆ. ಸೀತೆ ಮರುಗಿದಾಗ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಗೊಂಬೆಗೆ ಮಾತು ಬಂದುದು ಎಲ್ಲಿಂದ? ಪರದೆಯ ಹಿಂದೆ ಕುಳಿತವರಿಂದ.

ಇಂದು ಇನ್ನೊಂದು ಬಗೆಯ ಪರದೆಯ ಮೇಲೆ ಇನ್ನೊಂದು ಬಗೆಯ ಗೊಂಬೆಗಳು ಮಾತನಾಡತೊಡಗಿವೆ. ಅವು ಗಣಕಯಂತ್ರದಲ್ಲಿಯೂ ಮೊಬೈಲಿನಲ್ಲಿಯೂ ಆಡುವ ವಿಡಿಯೊ ಆಟಗಳ ಪಾತ್ರಗಳು. ಈ ಪಾತ್ರಗಳಿಗೆ ಕೃತಕ ಬುದ್ಧಿಮತ್ತೆಯಿಂದ ಮಾತು ಕೊಡಿಸುವ ಪ್ರಯತ್ನಗಳು ಈಚೆಗೆ ನಡೆದಿವೆ. ಆ ಪರದೆಯ ಹಿಂದೆ ಇರುವವರು ಯಾರು? ಅಲ್ಲಿ ಆಡಿದ ಮಾತಿಗೆ ಹೊಣೆ ಯಾರು? ಈ ಪ್ರಶ್ನೆಗಳಿಗೆ ಉತ್ತರವನ್ನು ಅರಸುವವರು ಮೊದಲು ಕೊಪ್ಪಳ ಸೀಮೆಯ ಹಳೆಯ ಪರದೆಯ ಹಿಂದೆ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದವು. ಈ ಸೀಮೆ ಗೊಂಬೆಗಳ ನೆಲೆಯೂ ಹೌದು. ಕೊಪ್ಪಳಕ್ಕೆ ಸಮೀಪವಾದ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರವಾದ ಮರದಿಂದ ದೇವತಾಮೂರ್ತಿಗಳನ್ನೂ ಆಟಿಕೆಗಳನ್ನೂ ಕೆತ್ತಿ, ಹುಣಿಸೆ ಬೀಜದ ಅಂಟಿನಿಂದ ಹದಗೊಳಿಸಿ, ಬಣ್ಣ ತುಂಬುತ್ತಾರೆ. ಕಿನ್ನಾಳದ ಗೊಂಬೆ ನೋಡಲು ಬಲು ಚೆಲುವಾದುದು. ಆದರೆ ಅದು ಮೌನಿ. ಮಾತನಾಡುವ ಗೊಂಬೆಗಳ ಊರು ಕೊಪ್ಪಳ ತಾಲ್ಲೂಕಿನ ಮೊರನಾಳ. ಆ ಊರಿನ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ಎಪ್ಪತ್ತು ವರ್ಷಗಳಷ್ಟು ದೀರ್ಘಕಾಲ ತೊಗಲುಗೊಂಬೆಗಳನ್ನು ಆಡಿಸಿದವರು. ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ರಾಮಾಯಣ ಮಹಾಭಾರತಗಳ ಕಥೆಗಳನ್ನು ತೋರಿಸಿದವರು. 2025ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿದಾಗ ಅವರಿಗೆ 96 ವರ್ಷ.

ತೊಗಲುಗೊಂಬೆಯಾಟದಲ್ಲಿ ಒಂದು ವಿಶೇಷವುಂಟು. ಗೊಂಬೆಯ ಅಳತೆ ಪಾತ್ರದ ಅಂತಸ್ತಿಗೆ ತಕ್ಕಂತಿರುತ್ತದೆ. ಅರಸರು, ದೇವತೆಗಳು ದೊಡ್ಡ ಗೊಂಬೆಗಳು. ಸಾಮಾನ್ಯರು, ಸೇವಕರು ಚಿಕ್ಕ ಗೊಂಬೆಗಳು. ಮಾತೂ ಹಾಗೆಯೇ. ರಾವಣನ ಮಾತಿನ ಗತ್ತು ವಿಭೀಷಣನ ಮಾತಿನಲ್ಲಿ ಇರದು. ಹನುಮಂತನ ವಿನಯ ಕಿಳ್ಳೇಕ್ಯಾತನಲ್ಲಿ ಕಾಣದು. ಮೂರು ನಾಲ್ಕು ಮಂದಿಯ ಒಂದು ಕುಟುಂಬವೇ ಇಷ್ಟು ಪಾತ್ರಗಳಿಗೂ ಕಂಠವಾಗಬೇಕು. ಗೊಂಬೆಯಾಟದ ಹಲವು ಕುಟುಂಬಗಳ ಮನೆಮಾತು ಮರಾಠಿಗೆ ಹತ್ತಿರವಾದ ಒಂದು ಆಡುನುಡಿ. ಆದರೆ ಪರದೆಯ ಹಿಂದೆ ಕುಳಿತರೆಂದರೆ ಅವರ ಬಾಯಿಂದ ಹೊರಡುವುದು ಕನ್ನಡ. ಮಾತು ತಮಗಾಗಿ ಅಲ್ಲ, ಮುಂದೆ ಕುಳಿತ ಸಭೆಗಾಗಿ ಎಂಬ ಅರಿವು ಅವರಿಗೆ ರಕ್ತಗತವಾಗಿದೆ.

ಆಟದ ಹಾಡುಗಳನ್ನು ಅವರು ಹಿರಿಯರಿಂದ ಕೇಳಿ ಬಾಯಿಪಾಠ ಮಾಡಿರುತ್ತಾರೆ. ನಡುವಿನ ಮಾತುಗಳನ್ನು ಮಾತ್ರ ಆಯಾ ರಾತ್ರಿಯೇ ಹೊಸದಾಗಿ ಹೆಣೆಯುತ್ತಾರೆ. ಹೀಗೆ ಹೆಣೆಯುವಾಗ ಅವರಲ್ಲಿ ಮೂರು ಎಚ್ಚರಗಳಿರುತ್ತವೆ. ಮೊದಲನೆಯದು ಕಥೆಯ ಎಚ್ಚರ: ಮಾತು ಎಷ್ಟೇ ದೂರ ಹರಿದರೂ ಕಥೆಯ ದಂಡೆಯನ್ನು ಮೀರಬಾರದು, ಲಂಕೆಗೆ ಹೋಗಬೇಕಾದ ಹನುಮಂತ ಹಸ್ತಿನಾವತಿಗೆ ಹೊರಡಬಾರದು. ಎರಡನೆಯದು ಪಾತ್ರದ ಎಚ್ಚರ: ಧರ್ಮರಾಯನ ಬಾಯಲ್ಲಿ ಶಕುನಿಯ ಮಾತು ಬರಬಾರದು. ಮೂರನೆಯದು ಸಭೆಯ ಎಚ್ಚರ: ಮಕ್ಕಳು ತೂಕಡಿಸುತ್ತಿದ್ದರೆ ಕಿಳ್ಳೇಕ್ಯಾತನನ್ನು ಕರೆಯಬೇಕು, ಊರಿನಲ್ಲಿ ಮಳೆಯಿಲ್ಲದೆ ಜನ ಕಂಗೆಟ್ಟಿದ್ದರೆ ಆ ಅಳಲಿಗೆ ಗೊಂಬೆಯೂ ದನಿಗೂಡಿಸಬೇಕು. ಈ ಮೂರೂ ಕೂಡಿದಾಗಲೇ ತೊಗಲು ಮಾತನಾಡುತ್ತದೆ.

ಹಳೆಯ ಗೊಂಬೆಗಳ ಬಳಗಕ್ಕೆ ಹೊಸ ಮಾತನ್ನು ಕಲಿಸಿದವರೂ ಉಂಟು. ಬಳ್ಳಾರಿಯ ರಂಗನಟ ಬೆಳಗಲ್ಲು ವೀರಣ್ಣನವರು ಸ್ವಾತಂತ್ರ್ಯ ಹೋರಾಟದ ಕಥೆಯನ್ನು ತೊಗಲುಗೊಂಬೆಗಳಿಂದ ಆಡಿಸಿದರು. ಆ ಪರದೆಯ ಮೇಲೆ ರಾಮ ರಾವಣರ ಜಾಗದಲ್ಲಿ ಗಾಂಧೀಜಿ ಬಂದು ಮಾತನಾಡಿದರು. 2023ರಲ್ಲಿ ತೀರಿಕೊಳ್ಳುವವರೆಗೂ ವೀರಣ್ಣನವರು ಈ ಕಲೆಯ ಏಳಿಗೆಗಾಗಿ ದುಡಿದರು. ಗೊಂಬೆ ಹೊಸ ಕಾಲಕ್ಕೆ ಒಗ್ಗುವುದಿಲ್ಲವೆಂಬ ಮಾತು ಸುಳ್ಳೆಂದು ಅವರ ಆಟಗಳು ತೋರಿಸಿಕೊಟ್ಟವು.

ಹಾಗೆ ಒಗ್ಗಿಕೊಂಡ ಕಲೆ ಈಗ ಗಣಕಯಂತ್ರದ ಪರದೆಗೂ ಬಂದಿದೆ. 2020ರಲ್ಲಿ ಪುಣೆಯ ಒಂದು ಸಂಸ್ಥೆ ಹೊರತಂದ ‘ರಾಜಿ’ ಎಂಬ ವಿಡಿಯೊ ಆಟದಲ್ಲಿ, ಕಳೆದುಹೋದ ತಮ್ಮನನ್ನು ಹುಡುಕುತ್ತ ಹೊರಟ ಹುಡುಗಿಯೊಬ್ಬಳ ಕಥೆಯಿದೆ. ಆಟದ ನಡುನಡುವೆ ಆ ಕಥೆಯನ್ನು ನೆರಳುಗೊಂಬೆಗಳ ರೂಪದಲ್ಲಿಯೇ ತೋರಿಸಲಾಗಿದೆ. ಆದರೆ ಗೊಂಬೆಯಾಟಕ್ಕೂ ವಿಡಿಯೊ ಆಟಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಗೊಂಬೆಯಾಟದಲ್ಲಿ ಸಭೆ ನೋಡುತ್ತದೆ. ವಿಡಿಯೊ ಆಟದಲ್ಲಿ ನೋಡುವವನೇ ಪರದೆಯೊಳಗೆ ಹೊಕ್ಕು ಪಾತ್ರಗಳನ್ನು ಮಾತನಾಡಿಸುತ್ತಾನೆ. ಅವನು ಏನು ಕೇಳುವನೋ ಮೊದಲೇ ಹೇಳಲಾಗದು. ಅವನಿಗೆ ಉತ್ತರ ಕೊಡುವುದು ಹೇಗೆ?

ಒಂದು ಆಟವನ್ನು ಕಲ್ಪಿಸಿಕೊಂಡರೆ ಈ ಕಷ್ಟ ಮನದಟ್ಟಾಗುತ್ತದೆ. ಯಲಬುರ್ಗಾ ಕಡೆಯ ಹುಡುಗನೊಬ್ಬನ ಎತ್ತು ಕಳೆದುಹೋಗಿದೆ. ಅದನ್ನು ಹುಡುಕುತ್ತ ಅವನು ಕುಷ್ಟಗಿಯ ಸಂತೆಗೆ ಬಂದು ಒಬ್ಬ ಮುದುಕನನ್ನು ಮಾತನಾಡಿಸುತ್ತಾನೆ. ಹುಡುಗನ ಪಾತ್ರವನ್ನು ಆಡುವವನಿಗೆ ಪ್ರತಿಸಲವೂ ಮೂರು ಪ್ರಶ್ನೆಗಳನ್ನು ಕೊಟ್ಟು, ಒಂದನ್ನು ಆರಿಸಿಕೊಳ್ಳಲು ಬಿಡಲಾಗಿದೆ ಎನ್ನೋಣ. ಪ್ರತಿಯೊಂದು ಪ್ರಶ್ನೆಗೂ ಲೇಖಕ ಉತ್ತರವನ್ನು ಬರೆದಿಡಬೇಕು. ಮೂರು ಸಲ ಮಾತು ನಡೆದರೆ ಅದು 27 ದಾರಿಗಳಲ್ಲಿ ಕವಲೊಡೆಯುತ್ತದೆ. ಐದು ಸಲ ನಡೆದರೆ 243 ದಾರಿಗಳಾಗುತ್ತವೆ. ಇದು ಒಬ್ಬ ಮುದುಕನ ಲೆಕ್ಕ. ಸಂತೆಯಲ್ಲಿ ಎಷ್ಟೊಂದು ಜನ! ವಿಡಿಯೊ ಆಟಗಳ ಲೇಖಕರು ಬಹುಕಾಲ ಈ ಬಗೆಯ ಕವಲುಮಾತಿನ ಮರವನ್ನೇ ಬೆಳೆಸುತ್ತ ಬಂದಿದ್ದಾರೆ. 2018ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಸಂಸ್ಥೆ ಹೊರತಂದ ಒಂದು ಆಟದಲ್ಲಿ ಸುಮಾರು 5 ಲಕ್ಷ ಸಾಲುಗಳ ಸಂಭಾಷಣೆ ಇದ್ದಿತು.

ಬರೆದಿಟ್ಟ ಉತ್ತರದ ಬದಲು ಯಂತ್ರವೇ ಆಗಿಂದಾಗ ಮಾತು ಹೆಣೆದರೆ ಹೇಗೆ ಎಂಬ ಆಲೋಚನೆ ಹೊಸತಲ್ಲ. 1966ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಜೋಸೆಫ್ ವೈಜೆನ್‌ಬಾಮ್ ಎಂಬ ವಿಜ್ಞಾನಿ ‘ಎಲೈಜಾ’ ಎಂಬ ಸಂಭಾಷಣೆಯ ಕಾರ್ಯಕ್ರಮವನ್ನು ಲೋಕಕ್ಕೆ ಪರಿಚಯಿಸಿದನು. ಎದುರಿನವರ ವಾಕ್ಯದಲ್ಲಿ ಒಂದು ಮುಖ್ಯ ಪದವನ್ನು ಹಿಡಿದು, ಅದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು ಅದರ ಉಪಾಯ. ‘ನನಗೆ ತಾಯಿಯ ನೆನಪಾಗಿದೆ’ ಎಂದರೆ, ‘ನಿಮ್ಮ ಕುಟುಂಬದ ವಿಷಯ ಇನ್ನಷ್ಟು ಹೇಳಿ’ ಎನ್ನುವ ರೀತಿ ಅದರದು. ಅದಕ್ಕೆ ತಾಯಿ ಎಂದರೇನೆಂದು ತಿಳಿಯದು. ಹಾಗಿದ್ದರೂ ಜನ ಅದರೊಡನೆ ಮನಸ್ಸು ಬಿಚ್ಚಿ ಮಾತನಾಡತೊಡಗಿದುದನ್ನು ಕಂಡು ವೈಜೆನ್‌ಬಾಮನೇ ಕಳವಳಗೊಂಡನು. ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳೂ ಇವೆ ಎಂದು 1976ರಲ್ಲಿ ಒಂದು ಪುಸ್ತಕವನ್ನೇ ಬರೆದನು.

ಈಗಿನ ಯಂತ್ರಗಳ ಮಾರ್ಗ ಬೇರೆ. ‘ಕೈ ಕೆಸರಾದರೆ ಬಾಯಿ’ ಎಂದು ಯಾರಾದರೂ ಹೇಳಿ ನಿಲ್ಲಿಸಿದರೆ, ಕನ್ನಡ ಬಲ್ಲವರೆಲ್ಲರೂ ಒಡನೆಯೇ ‘ಮೊಸರು’ ಎನ್ನುತ್ತಾರೆ. ಆ ಗಾದೆಯನ್ನು ಅವರು ಹಲವು ಸಲ ಕೇಳಿರುವುದೇ ಇದಕ್ಕೆ ಕಾರಣ. ‘ಬಿಸಿ ರೊಟ್ಟಿಗೆ’ ಎಂದು ನಿಲ್ಲಿಸಿದರೆ ಒಬ್ಬರು ‘ಎಣ್ಣೆಗಾಯಿ’ ಎಂದಾರು, ಇನ್ನೊಬ್ಬರು ‘ಪುಂಡಿಪಲ್ಯ’ ಎಂದಾರು, ಮತ್ತೊಬ್ಬರು ‘ಶೇಂಗಾ ಚಟ್ನಿ’ ಎಂದಾರು. ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಎಷ್ಟು ಎಂಬ ಈ ಅಂದಾಜನ್ನೇ ಯಂತ್ರವೂ ಕಲಿಯುತ್ತದೆ. ಪುಸ್ತಕ, ಪತ್ರಿಕೆ, ಅಂತರಜಾಲಗಳ ಅಪಾರ ಬರಹವನ್ನು ಅದಕ್ಕೆ ಉಣಿಸುತ್ತಾರೆ. ಅದು ಒಂದರ ಮುಂದೊಂದು ಪದವನ್ನಿಟ್ಟು ವಾಕ್ಯವನ್ನು ಕಟ್ಟುತ್ತದೆ. ಇಂಥ ಏರ್ಪಾಡಿಗೆ ‘ಭಾಷಾ ಮಾದರಿ’ ಎಂದು ಹೆಸರು. 2017ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಪ್ರಕಟಿಸಿದ ಹೊಸ ವಿಧಾನವೊಂದರಿಂದ, ದೂರ ದೂರದಲ್ಲಿರುವ ಪದಗಳ ಸಂಬಂಧವನ್ನೂ ಯಂತ್ರ ಗಮನಿಸುವಂತಾಯಿತು. ಆ ಬಳಿಕ ಅದರ ವಾಕ್ಯಗಳಲ್ಲಿ ಓಟವೂ ಹೊಂದಿಕೆಯೂ ಕಾಣಿಸಿಕೊಂಡವು. ಆದರೆ ರೊಟ್ಟಿಯ ಮಾತನಾಡುವ ಆ ಯಂತ್ರ ರೊಟ್ಟಿಯ ರುಚಿಯನ್ನು ಕಂಡುದಲ್ಲ ಎಂಬುದನ್ನು ಮರೆಯಲಾಗದು.

2019ರಲ್ಲಿ ಅಮೆರಿಕದ ನಿಕ್ ವಾಲ್ಟನ್ ಎಂಬ ವಿದ್ಯಾರ್ಥಿ ಇಂಥ ಮಾದರಿಯೊಂದನ್ನು ಬಳಸಿ, ಆಡುವವನು ಏನನ್ನು ಬರೆದರೂ ಕಥೆಯನ್ನು ಮುಂದುವರಿಸುವ ಆಟವೊಂದನ್ನು ರಚಿಸಿದನು. 2023ರ ಮಾರ್ಚ್ ತಿಂಗಳಲ್ಲಿ ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ ‘ಘೋಸ್ಟ್‌ರೈಟರ್’ ಎಂಬ ಉಪಕರಣವನ್ನು ಪ್ರಕಟಿಸಿತು. ದಾರಿಹೋಕರು, ಕಾವಲುಗಾರರು ಮೊದಲಾದ ಸಣ್ಣ ಪಾತ್ರಗಳು ಆಡುವ ತುಂಡುಮಾತುಗಳಿಗೆ ಅದು ಮೊದಲ ಕರಡನ್ನು ಒದಗಿಸುತ್ತದೆ. ಲೇಖಕರು ಅದರಲ್ಲಿ ಬೇಕಾದುದನ್ನು ಆರಿಸಿ ತಿದ್ದಿಕೊಳ್ಳುತ್ತಾರೆ. ಅದೇ ವರ್ಷದ ಮೇ ತಿಂಗಳಲ್ಲಿ ಎನ್‌ವಿಡಿಯಾ ಸಂಸ್ಥೆ ತೋರಿಸಿದ ಮಾದರಿ ಆಟದಲ್ಲಿ, ಆಡುವವನು ಬಾಯಿಬಿಟ್ಟು ಕೇಳಿದ ಪ್ರಶ್ನೆಗೆ ಅಂಗಡಿಯ ಯಜಮಾನನ ಪಾತ್ರ ಅಲ್ಲಿಯೇ ಉತ್ತರ ಕೊಟ್ಟಿತು.

ಇಂಥ ಪಾತ್ರವನ್ನು ಸಿದ್ಧಪಡಿಸುವ ಕ್ರಮ ಗೊಂಬೆಯಾಟವನ್ನು ನೆನಪಿಗೆ ತರುತ್ತದೆ. ಮೊದಲು ಲೇಖಕ ಪಾತ್ರದ ಪರಿಚಯವನ್ನು ಬರೆದುಕೊಡುತ್ತಾನೆ: ಮುದುಕನ ಹೆಸರೇನು, ವಯಸ್ಸೆಷ್ಟು, ಸ್ವಭಾವವೆಂಥದು, ಅವನಿಗೆ ಗೊತ್ತಿರುವುದೇನು, ಅವನು ಹೇಳಕೂಡದ ಗುಟ್ಟೇನು. ಇದರೊಡನೆ ಅದುವರೆಗೆ ನಡೆದ ಮಾತುಕತೆಯನ್ನೂ ಹೊಸ ಪ್ರಶ್ನೆಯನ್ನೂ ಸೇರಿಸಿ ಯಂತ್ರಕ್ಕೆ ಒಪ್ಪಿಸಲಾಗುತ್ತದೆ. ಅದು ಹೆಣೆದ ಉತ್ತರವನ್ನು ಮತ್ತೊಂದು ಏರ್ಪಾಡು ಧ್ವನಿಯಾಗಿ ಮಾರ್ಪಡಿಸುತ್ತದೆ. ಇನ್ನೊಂದು ಆ ಧ್ವನಿಗೆ ತಕ್ಕಂತೆ ತುಟಿಗಳನ್ನು ಆಡಿಸುತ್ತದೆ. ಮೊರನಾಳದ ಕಲಾವಿದರು ಒಂದೇ ಉಸಿರಿನಲ್ಲಿ ಮಾಡುವ ಕೆಲಸವನ್ನು ಇಲ್ಲಿ ನಾಲ್ಕಾರು ಯಂತ್ರವಿಧಾನಗಳು ಹಂಚಿಕೊಂಡು ಮಾಡುತ್ತವೆ.

ಹಾಗಾದರೆ ಗೊಂಬೆಯಾಟದವರ ಆ ಮೂರು ಎಚ್ಚರಗಳು ಯಂತ್ರಕ್ಕೆ ಬಂದಿವೆಯೆ? ಮೊದಲು ಕಥೆಯ ಎಚ್ಚರವನ್ನು ನೋಡಬೇಕು. ‘ನಿನ್ನ ಎತ್ತು ಗಂಗಾವತಿಯ ಗದ್ದೆಗಳ ಕಡೆ ಹೋಯಿತು’ ಎಂದು ಮುದುಕ ಹೇಳಿದರೆ, ಆಟದಲ್ಲಿ ಗಂಗಾವತಿಗೆ ದಾರಿಯಿರಬೇಕು, ಗದ್ದೆಯಿರಬೇಕು, ಅಲ್ಲಿ ಎತ್ತೂ ಇರಬೇಕು. ಆಟದಲ್ಲಿ ಪಾತ್ರವಾಡುವ ಮಾತು ಒಂದು ಭಾಷೆಯಿತ್ತಂತೆ. ಯಂತ್ರವೋ ಚೆಂದದ ವಾಕ್ಯ ಸಿಕ್ಕಿತೆಂದು ಇಲ್ಲದ ದಾರಿಯನ್ನೂ ಇದೆಯೆಂದು ಹೇಳಿಬಿಡಬಲ್ಲದು. ಸುಳ್ಳು ಹೇಳಬೇಕೆಂಬ ಉದ್ದೇಶ ಅದಕ್ಕಿಲ್ಲ. ನಿಜ ಹೇಳಬೇಕೆಂಬ ಉದ್ದೇಶವೂ ಇಲ್ಲ. ಹೊಂದುವ ಪದವನ್ನು ಇಡುವುದಷ್ಟೇ ಅದರ ಕೆಲಸ. ಇಲ್ಲದ ದಾರಿಯಲ್ಲಿ ಎತ್ತನ್ನು ಹುಡುಕಿ ದಣಿದ ಹುಡುಗ ಯಾರನ್ನು ಕೇಳಬೇಕು?

ಪಾತ್ರದ ಎಚ್ಚರಕ್ಕೆ 2025ರ ಮೇ ತಿಂಗಳ ಪ್ರಸಂಗವೊಂದು ನಿದರ್ಶನವಾಗಿದೆ. ‘ಫೋರ್ಟ್‌ನೈಟ್’ ಎಂಬ ಜನಪ್ರಿಯ ಆಟದಲ್ಲಿ ಡಾರ್ತ್ ವೇಡರ್ ಎಂಬ ಪ್ರಸಿದ್ಧ ಚಲನಚಿತ್ರ ಪಾತ್ರವನ್ನು ಕೃತಕ ಬುದ್ಧಿಮತ್ತೆಯಿಂದ ಮಾತನಾಡಿಸಲಾಯಿತು. ಆ ಪಾತ್ರಕ್ಕೆ ಧ್ವನಿಯಾಗಿದ್ದ ನಟ ಜೇಮ್ಸ್ ಅರ್ಲ್ ಜೋನ್ಸ್ 2024ರಲ್ಲಿ ತೀರಿಕೊಂಡಿದ್ದರು. ಅವರ ಮನೆಯವರ ಒಪ್ಪಿಗೆಯಿಂದ ಅವರ ಧ್ವನಿಯನ್ನೇ ಯಂತ್ರದಲ್ಲಿ ಮರುಸೃಷ್ಟಿಸಿದ್ದರು. ಆಡುವವರು ಕುತಂತ್ರದ ಪ್ರಶ್ನೆಗಳನ್ನು ಒಡ್ಡಿ, ಬೇಗನೆ ಆ ಪಾತ್ರದಿಂದ ಹೊಲಸು ಮಾತುಗಳನ್ನು ಆಡಿಸಿಬಿಟ್ಟರು. ಸಂಸ್ಥೆಯವರು ಕೂಡಲೇ ಅದನ್ನು ಸರಿಪಡಿಸಬೇಕಾಯಿತು. ಬದುಕಿದ್ದಾಗ ಆ ನಟ ಆಡದಿದ್ದ ಮಾತು, ಅವರು ತೀರಿಕೊಂಡ ಮೇಲೆ ಅವರದೇ ಧ್ವನಿಯಲ್ಲಿ ಹೊರಟಿತು.

ಧ್ವನಿ ಮನುಷ್ಯನ ಸೊತ್ತು. ಎಷ್ಟೋ ಜನರಿಗೆ ಅದೇ ಜೀವನೋಪಾಯ. ಆದುದರಿಂದಲೇ ಅಮೆರಿಕದ ನಟರ ಸಂಘ 2024ರ ಜುಲೈ 26ರಿಂದ ವಿಡಿಯೊ ಆಟಗಳ ಸಂಸ್ಥೆಗಳ ಎದುರು ಮುಷ್ಕರ ಹೂಡಿತು. ತಮ್ಮ ಒಪ್ಪಿಗೆಯಿಲ್ಲದೆ ತಮ್ಮ ಧ್ವನಿಯನ್ನೂ ರೂಪವನ್ನೂ ಯಂತ್ರಕ್ಕೆ ಕಲಿಸಬಾರದು, ಕಲಿಸಿದರೆ ತಕ್ಕ ಪ್ರತಿಫಲ ಕೊಡಬೇಕು ಎಂಬುದು ಅವರ ಮುಖ್ಯ ಬೇಡಿಕೆ. ಮುಷ್ಕರ ಹನ್ನೊಂದು ತಿಂಗಳಷ್ಟು ಕಾಲ ನಡೆಯಿತು. 2025ರಲ್ಲಿ ಆದ ಒಪ್ಪಂದದಲ್ಲಿ ನಟರ ಒಪ್ಪಿಗೆಯನ್ನು ಕಡ್ಡಾಯ ಮಾಡಲಾಯಿತು.

ಇನ್ನುಳಿದುದು ಸಭೆಯ ಎಚ್ಚರ. ಕನ್ನಡಿಗರಿಗೆ ಇದು ಬಹು ಮುಖ್ಯವಾದುದು. ಒಂಬತ್ತನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನ ನುಡಿಯನ್ನು ಕನ್ನಡದ ತಿರುಳೆಂದು ಎತ್ತಿಹೇಳಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಇಂಥ ನೆಲದ ಸಂತೆಯಲ್ಲಿ ಕುಳಿತ ಮುದುಕ, ದುಃಖದಲ್ಲಿರುವ ಹುಡುಗನನ್ನು ಕಂಡು ‘ನಿನ್ನ ವೃಷಭವು ಕಳೆದುಹೋಗಿದೆಯೇ, ಬಾಲಕನೇ?’ ಎಂದು ಕೇಳಿದರೆ ಕೇಳಿದವರು ನಕ್ಕಾರು. ‘ಎತ್ತು ಕಳಕೊಂಡೀಯೇನ ತಮ್ಮಾ? ಬಾ, ಕುಂದ್ರು, ಮೊದ್ಲ ನೀರ ಕುಡಿ’ ಎಂದರೆ ಆಗ ಅವನು ಕುಷ್ಟಗಿಯ ಮುದುಕ. ಮೊದಲನೆಯ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಆದರೆ ಅದರಲ್ಲಿ ಊರಿಲ್ಲ, ಕರುಳಿಲ್ಲ.

ಯಂತ್ರಕ್ಕೆ ಎರಡನೆಯ ವಾಕ್ಯ ಏಕೆ ಸುಲಭವಾಗಿ ಒದಗದು? ಅದು ಓದಿದ್ದನ್ನು ಮಾತ್ರ ಬಲ್ಲದು. ಇಂಗ್ಲಿಷಿಗೆ ಹೋಲಿಸಿದರೆ ಅಂತರಜಾಲದಲ್ಲಿ ಕನ್ನಡ ಬರಹ ಬಹಳ ಕಡಿಮೆ. ಇರುವ ಬರಹದಲ್ಲಿಯೂ ಪುಸ್ತಕದ ಭಾಷೆಯೇ ಹೆಚ್ಚು. ಸಂತೆಯ ಮಾತು, ಹೊಲದ ಮಾತು, ಬಯಲಾಟದ ಮಾತು ಕಾಗದಕ್ಕೆ ಇಳಿದುದು ಎಷ್ಟು? ಗೊಂಬೆಯಾಟದವರು ಹಾಡಿದ ಹಾಡು, ಹೆಣೆದ ಮಾತು ಬಹುಮಟ್ಟಿಗೆ ಬಾಯಿಂದ ಕಿವಿಗೆ ಬಂದವು. ಕೇಳುವ ಕಿವಿ ಇಲ್ಲವಾದರೆ ಅವು ಆಡಿದವರೊಡನೆಯೇ ಹೋಗುತ್ತವೆ.

ಈ ಕೊರತೆಯನ್ನು ನೀಗುವ ಕೆಲಸ ಮೊದಲಾಗಿದೆ. ಭಾರತ ಸರ್ಕಾರ 2022ರಲ್ಲಿ ‘ಭಾಷಿಣಿ’ ಎಂಬ ಯೋಜನೆಯನ್ನು ಆರಂಭಿಸಿ, ಕನ್ನಡವೂ ಸೇರಿದಂತೆ ದೇಶಭಾಷೆಗಳನ್ನು ಯಂತ್ರಗಳಿಗೆ ಕಲಿಸುವ ಕಾರ್ಯಕ್ಕೆ ಒತ್ತಾಸೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಸಂಸ್ಥೆಯ ನೆರವಿನಿಂದ ‘ವಾಣಿ’ ಎಂಬ ಯೋಜನೆಯನ್ನು ಕೈಗೊಂಡಿತು. ಜನ ತಮ್ಮ ಊರಿನಲ್ಲಿ ಸಹಜವಾಗಿ ಆಡುವ ಮಾತನ್ನು ಜಿಲ್ಲೆ ಜಿಲ್ಲೆಗೂ ಹೋಗಿ ಧ್ವನಿಮುದ್ರಿಸಿಕೊಳ್ಳುವುದು ಅದರ ಗುರಿ. ಇದು ಒಳ್ಳೆಯ ಹೆಜ್ಜೆ. ಆದರೆ ವಿಜ್ಞಾನಿಗಳು ಎಷ್ಟೇ ದುಡಿದರೂ, ಆಡುವವರು ಮಾತನ್ನು ಉಳಿಸಿಕೊಳ್ಳದಿದ್ದರೆ ಮುದ್ರಿಸಿಕೊಳ್ಳುವುದಕ್ಕೆ ಏನು ಉಳಿದೀತು? ಮನೆಯಲ್ಲಿ ಅಜ್ಜ ಅಜ್ಜಿಯರು ಹೇಳುವ ಕಥೆಯನ್ನು, ಗಾದೆಯನ್ನು, ಒಗಟನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡುವ ವಿದ್ಯಾರ್ಥಿಯೂ ಈ ದೊಡ್ಡ ಕೆಲಸದಲ್ಲಿ ಪಾಲುಗಾರನೇ ಸರಿ.

ಮಾತಿನ ಬೆಲೆಯನ್ನು ಸಾರುವ ಒಂದು ಪ್ರಸಂಗ ರಾಮಾಯಣದಲ್ಲಿದೆ. ಅದು ನಡೆದುದು ಪಂಪಾ ಸರೋವರದ ಬಳಿ ಎಂದು ಕಥೆ ಹೇಳುತ್ತದೆ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸಮೀಪದಲ್ಲಿರುವ ಪಂಪಾ ಸರೋವರವೇ ಅದೆಂದು ಇಲ್ಲಿಯ ಜನರ ನಂಬಿಕೆ. ಬಿಲ್ಲುಬಾಣಗಳನ್ನು ಹಿಡಿದು ಬರುತ್ತಿದ್ದ ರಾಮ ಲಕ್ಷ್ಮಣರನ್ನು ದೂರದಿಂದ ಕಂಡ ಸುಗ್ರೀವ ಭಯಗೊಂಡು, ಅವರು ಯಾರೆಂದು ತಿಳಿದುಬರಲು ಹನುಮಂತನನ್ನು ಕಳುಹಿಸಿದನು. ಹನುಮಂತ ಭಿಕ್ಷುವಿನ ವೇಷದಲ್ಲಿ ಬಂದು ಮಾತನಾಡಿದನು. ಅವನ ಮಾತನ್ನು ಕೇಳಿದ ರಾಮ ತಮ್ಮನೊಡನೆ ಬಹುವಾಗಿ ಮೆಚ್ಚಿ ನುಡಿದನು: ಇಷ್ಟು ಮಾತನಾಡಿದರೂ ಒಂದು ಅಪಶಬ್ದವಿಲ್ಲ; ಎಳೆದಾಟವಿಲ್ಲ, ಅವಸರವಿಲ್ಲ; ಇಂಥ ದೂತನುಳ್ಳ ಅರಸನ ಕಾರ್ಯ ಕೈಗೂಡದೆ ಇರದು. ರಾಮ ಮೆಚ್ಚಿದುದು ದೂತನ ಮಾತನ್ನು. ಆದರೆ ಆ ಮಾತಿನಿಂದ ಅವನು ಅಳೆದುದು ಕಳುಹಿಸಿದ ಸುಗ್ರೀವನನ್ನೂ ಹೌದು.

ಯಂತ್ರವೂ ಒಂದು ಬಗೆಯ ದೂತನೇ. ಹನುಮಂತನಂತೆ ಅದು ತಾನೇ ವಿವೇಚಿಸಿ ಮಾತನಾಡಲಾರದು. ಆದುದರಿಂದ ಅದನ್ನು ಕಳುಹಿಸಿದವರ ಹೊಣೆ ಮತ್ತಷ್ಟು ಹೆಚ್ಚಾಗುತ್ತದೆ. ಪಾತ್ರ ಕೆಟ್ಟ ಮಾತನಾಡಿತೆಂದರೆ ‘ಅದು ಯಂತ್ರದ ಮಾತು, ನಮ್ಮದಲ್ಲ’ ಎಂದು ಆಟ ಕಟ್ಟಿದವರು ಕೈತೊಳೆದುಕೊಳ್ಳುವಂತಿಲ್ಲ. ಕೊಪ್ಪಳದ ಗವಿಮಠದ ಬೆಟ್ಟದ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಅಶೋಕ ಚಕ್ರವರ್ತಿ ಬರೆಯಿಸಿದ ಶಾಸನವಿದೆ. ದೇವಾನಾಂಪ್ರಿಯನು ಹೀಗೆ ಹೇಳುತ್ತಾನೆ ಎಂದೇ ಅದು ಮೊದಲಾಗುತ್ತದೆ. ಅಕ್ಷರ ಕೊರೆದವನು ಶಿಲ್ಪಿ, ನಿಂತದ್ದು ಬಂಡೆಯ ಮೇಲೆ. ಆದರೂ ಮಾತು ಯಾರದೆಂಬುದರಲ್ಲಿ ಓದುವವನಿಗೆ ಸಂದೇಹವಿಲ್ಲ. ಮಾತನಾಡುವ ಯಂತ್ರಗಳ ಈ ಕಾಲದಲ್ಲಿಯೂ ಕೇಳುವವರಿಗೆ ತಿಳಿಯಬೇಕಾದುದು ಅದೇ.

ಬೆಳಗಿನ ಜಾವ ಗೊಂಬೆಯಾಟ ಮುಗಿಯುತ್ತದೆ. ಮಂಗಳ ಹಾಡಿ ದೀಪವನ್ನು ಸಣ್ಣದು ಮಾಡುತ್ತಾರೆ. ಗೊಂಬೆಗಳನ್ನು ಒಂದೊಂದಾಗಿ ಮಡಿಸಿ ಪೆಟ್ಟಿಗೆಗೆ ಸೇರಿಸುತ್ತಾರೆ. ಪರದೆಯನ್ನು ಬಿಚ್ಚಿದಾಗ ಹಿಂದೆ ಕುಳಿತಿದ್ದವರು ಕಾಣಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಹಾಡಿ ಅವರ ಗಂಟಲು ಕಟ್ಟಿರುತ್ತದೆ. ರಾವಣನಾಗಿ ಗರ್ಜಿಸಿದವರು, ಸೀತೆಯಾಗಿ ಅತ್ತವರು ಇವರೇ ಏನು ಎಂದು ಮಕ್ಕಳು ಬೆರಗಿನಿಂದ ನೋಡುತ್ತಾರೆ. ಮಾತು ಚೆನ್ನಾಗಿತ್ತೆಂದು ಹೊಗಳುವ ಹಿರಿಯರು ಹೊಗಳುವುದು ಇವರನ್ನೇ. ಇಂಥಲ್ಲಿ ಕಥೆ ತಪ್ಪಿತೆಂದು ಕೇಳುವವರು ಕೇಳುವುದೂ ಇವರನ್ನೇ. ಪೆಟ್ಟಿಗೆಯೊಳಗಿನ ಗೊಂಬೆಯನ್ನು ಯಾರೂ ಕೇಳುವುದಿಲ್ಲ.

ಪದಗಳ ಅರ್ಥ

ತೊಗಲು – ಚರ್ಮ
ಗತ್ತು – ಠೀವಿ, ದರ್ಪ
ಒತ್ತಾಸೆ – ಬೆಂಬಲ
ಭಾಷೆಯೀಯು – ವಚನ ಕೊಡು
ತಿರುಳು – ಸಾರ
ಅಪಶಬ್ದ – ತಪ್ಪಾದ ಪದ
ದೂತ – ಸುದ್ದಿಯನ್ನು ಒಯ್ಯುವವನು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮಾತನಾಡುವ ಗೊಂಬೆಗಳ ಊರು ಯಾವುದು?
2. ‘ಎಲೈಜಾ’ವನ್ನು ರೂಪಿಸಿದ ವಿಜ್ಞಾನಿ ಯಾರು?
3. ಕೊಪಣದ ಇಂದಿನ ಹೆಸರೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗೊಂಬೆಯಾಟದವರ ಮೂರು ಎಚ್ಚರಗಳು ಯಾವುವು?
2. ಭಾಷಾ ಮಾದರಿ ವಾಕ್ಯವನ್ನು ಕಟ್ಟುವ ಬಗೆಯನ್ನು ವಿವರಿಸಿರಿ.
3. ಅಮೆರಿಕದ ನಟರು ಮುಷ್ಕರ ಹೂಡಿದುದೇಕೆ?

ಇ) ಸಂದರ್ಭದೊಡನೆ ವಿವರಿಸಿರಿ.
1. “ಅದರಲ್ಲಿ ಊರಿಲ್ಲ, ಕರುಳಿಲ್ಲ.”
2. “ಪೆಟ್ಟಿಗೆಯೊಳಗಿನ ಗೊಂಬೆಯನ್ನು ಯಾರೂ ಕೇಳುವುದಿಲ್ಲ.”

ಈ) ಮಾಡಿ ನೋಡಿರಿ.
ಎತ್ತು ಕಳೆದುಕೊಂಡ ಹುಡುಗನಿಗೂ ಸಂತೆಯ ಮುದುಕನಿಗೂ ನಡೆಯುವ ಮಾತುಕತೆಯನ್ನು ನಿಮ್ಮ ಊರಿನ ಆಡುಮಾತಿನಲ್ಲಿ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಬರೆದುದನ್ನು ಮನೆಯ ಹಿರಿಯರಿಗೆ ಓದಿ ಹೇಳಿ, ಅವರು ತಿದ್ದಿದ ಮಾತುಗಳನ್ನು ಗುರುತು ಹಾಕಿಕೊಳ್ಳಿರಿ.